ರಾತ್ರಿ ಎಂಟಕ್ಕೂ ಗುಡ್ ಈವ್ನಿಂಗ್ ಯಾಕೆ?

ಒಂದು ಆನ್‌ಲೈನ್ ಕ್ಲಾಸಿಗೆ ಮೊದಲ ಸಲ ಸೇರಿದ್ದೆ. ಗಂಟೆ ಎಂಟು, ಹೊರಗೆ ಪೂರ್ತಿ ಕತ್ತಲು. ಮೈಕ್ ಆನ್ ಮಾಡಿ ಜೋರಾಗಿಯೇ "ಗುಡ್ ನೈಟ್ ಸರ್" ಅಂದೆ. "ಈಗ ತಾನೇ ಬಂದ್ರಿ, ಆಗಲೇ ಹೊರಟ್ರಾ?" ಎಂದು ಮೇಷ್ಟ್ರು ನಕ್ಕರು. ಆ ನಾಚಿಕೆಯಿಂದ ಹುಟ್ಟಿದ ಟಿಪ್ಪಣಿ ಇದು.

ನನಗೆ ಇಂಗ್ಲಿಷ್ ಪದ ಗೊತ್ತಿರಲಿಲ್ಲ ಅಂತಲ್ಲ. ಕನ್ನಡದ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷ್ ಮಾತಾಡಿದ್ದೆ, ಅಷ್ಟೇ. ನಾವು "ರಾತ್ರಿ ಎಂಟು ಗಂಟೆ" ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು "ಏಟ್ ಇನ್ ದಿ ಈವ್ನಿಂಗ್". ನಾವು "ಸಂಜೆ ನಾಲ್ಕು" ಅನ್ನುವುದು ಅಲ್ಲಿ "ಫೋರ್ ಇನ್ ದಿ ಆಫ್ಟರ್‌ನೂನ್". ನಮ್ಮ "ರಾತ್ರಿ ಒಂದು ಗಂಟೆ" ಅವರಿಗೆ "ಒನ್ ಇನ್ ದ ಮಾರ್ನಿಂಗ್". ಎರಡೂ ಭಾಷೆಗಳು ಒಂದೇ ದಿನವನ್ನು ಬೇರೆ ಬೇರೆ ಕಡೆ ಕತ್ತರಿಸುತ್ತವೆ. ಸಾಲದ್ದಕ್ಕೆ ನಮ್ಮ "ನಮಸ್ಕಾರ"ಕ್ಕೆ ಹೊತ್ತುಗೊತ್ತಿನ ಹಂಗೇ ಇಲ್ಲ. ಹಾಗಾಗಿ ಗಡಿಯಾರ ನೋಡಿ ಮಾತಾಡಿಸುವ ರೂಢಿ ನಮಗೆ ಕಮ್ಮಿ.

ಗುಡ್ ಮಾರ್ನಿಂಗ್ ಸುಲಭ. ಎದ್ದಾಗಿನಿಂದ ಮಧ್ಯಾಹ್ನ 12ರ ತನಕ ಹೇಳಬಹುದು. ಹನ್ನೊಂದೂವರೆಗೂ ಸರಿಯೇ.

ಗುಡ್ ಆಫ್ಟರ್‌ನೂನ್ ಎಲ್ಲಿಂದ ಶುರು ಅನ್ನುವುದನ್ನು ಪದವೇ ಹೇಳುತ್ತದೆ. ನೂನ್ ಅಂದರೆ 12 ಗಂಟೆ, ಆಫ್ಟರ್ ಅಂದರೆ ಆಮೇಲೆ. 12 ದಾಟಿದರೆ ಆಯಿತು, ಊಟ ಆಗಿರಬೇಕು ಅಂತೇನಿಲ್ಲ. ಒಂದು ತಮಾಷೆ ಗೊತ್ತಾ? ಈ ನೂನ್ ಮೊದಲು 12 ಆಗಿರಲೇ ಇಲ್ಲ. ಅದು ಬಂದದ್ದು ಲ್ಯಾಟಿನ್ ಭಾಷೆಯಲ್ಲಿ ಒಂಬತ್ತನೆಯದು ಎಂಬ ಅರ್ಥದ "ನೋನಾ" ಎಂಬ ಪದದಿಂದ. ಸೂರ್ಯ ಹುಟ್ಟಿದಾಗಿನಿಂದ ಎಣಿಸಿದರೆ ಒಂಬತ್ತನೇ ಗಂಟೆ ಅಂದರೆ ಸುಮಾರು ಮೂರು ಗಂಟೆ. ಮಧ್ಯಯುಗದಲ್ಲಿ ಅದು ಮೆಲ್ಲಗೆ ಹಿಂದಕ್ಕೆ ಸರಿದು 12ಕ್ಕೆ ಬಂದು ನಿಂತಿತು.

ಆಫ್ಟರ್‌ನೂನ್ ಮುಗಿಯುವುದು ಎಷ್ಟು ಹೊತ್ತಿಗೆ? ಇಲ್ಲಿ ಗೆರೆ ಎಳೆದ ಹಾಗಿಲ್ಲ. ಐದರಿಂದ ಆರರ ನಡುವೆ ಎಲ್ಲೋ ಅಂದುಕೊಳ್ಳಿ. ಬೇಗ ಕತ್ತಲಾಗುವ ಚಳಿಗಾಲದಲ್ಲಿ ಐದಕ್ಕೇ ಗುಡ್ ಈವ್ನಿಂಗ್ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ನಾಲ್ಕಕ್ಕೇ ಅಂದರೆ ಮಾತ್ರ ಸ್ವಲ್ಪ ಅವಸರವಾಯಿತು. ನಮ್ಮಲ್ಲಿ ಜಾಸ್ತಿ ಜನ ಜಾರುವುದು ಇಲ್ಲೇ, "ಸಂಜೆ ನಾಲ್ಕು" ಅಂತ ಬಾಯಿಗೆ ಬಂದುಬಿಡುತ್ತದಲ್ವಾ!

ಇನ್ನು ನನ್ನ ಮಾನ ಕಳೆದ ಗುಡ್ ನೈಟ್. ಇದಕ್ಕೂ ಉಳಿದ ಮೂರಕ್ಕೂ ಇರುವ ವ್ಯತ್ಯಾಸ ಹೊತ್ತಿನದ್ದಲ್ಲ, ಕೆಲಸದ್ದು. ಉಳಿದವು ಎದುರಾದಾಗ ಹೇಳುವ ಮಾತು. ಗುಡ್ ನೈಟ್ ಹೊರಡುವಾಗ ಅಥವಾ ಮಲಗುವಾಗ ಹೇಳುವ ಮಾತು. ರಾತ್ರಿ ಹನ್ನೊಂದಕ್ಕೆ ಯಾರನ್ನಾದರೂ ಭೇಟಿಯಾದರೂ ಬಾಗಿಲಲ್ಲಿ ಹೇಳಬೇಕಾದ್ದು ಗುಡ್ ಈವ್ನಿಂಗ್. ಅದೇ ಸಂಜೆ ಆರೂವರೆಗೆ ಆಫೀಸಿನಿಂದ ಹೊರಡುವಾಗ ಗುಡ್ ನೈಟ್ ಅಂದರೂ ಸರಿ, ಆ ದಿನ ಮತ್ತೆ ಸಿಗುವುದಿಲ್ಲ ಎಂದು ಗೊತ್ತಿದ್ದರೆ. ಅಷ್ಟು ಬೇಗ ಯಾಕೋ ಸರಿ ಅನ್ನಿಸದಿದ್ದರೆ "ಹ್ಯಾವ್ ಎ ಗುಡ್ ಈವ್ನಿಂಗ್" ಇದೆ. ಅದು ಬೀಳ್ಕೊಡುಗೆಯೇ.

ನಡುರಾತ್ರಿ ಎರಡಕ್ಕೆ ಯಾರಾದರೂ ಸಿಕ್ಕರೆ? ಸುಮ್ನೆ ಹಲೋ ಅನ್ನಿ. ಆ ಹೊತ್ತಿನಲ್ಲಿ ಮಾರ್ನಿಂಗೋ ಈವ್ನಿಂಗೋ ಎಂದು ತಲೆ ಕೆಡಿಸಿಕೊಳ್ಳುವುದು ಬೇಡ. ಆದರೆ ನಾಲ್ಕಕ್ಕೆ ಎದ್ದು ಪ್ರಯಾಣ ಹೊರಟವರಿಗೆ ಗುಡ್ ಮಾರ್ನಿಂಗ್ ಚೆನ್ನಾಗಿಯೇ ಹೊಂದುತ್ತದೆ.

ಗುಡ್ ಡೇ ಬಗ್ಗೆ ನನಗೆ ಸ್ವಲ್ಪ ಹೆದರಿಕೆ. ಇಡೀ ಹಗಲಿಗೆ ಒಂದೇ ಮಾತು ಸಾಕಲ್ಲ ಅನ್ನಿಸುತ್ತದೆ, ನಿಜ. ಆದರೆ ಬ್ರಿಟನ್, ಅಮೆರಿಕದ ಕಿವಿಗೆ ಅದು ಹಳೆಯ ಕಾಲದ ಮಾತು. ಬಿಗಿಯಾಗಿ ಹೇಳಿದರೆ "ಸರಿ, ನೀವಿನ್ನು ಹೊರಡಿ" ಎಂದ ಹಾಗೂ ಕೇಳಬಹುದು. ಆಸ್ಟ್ರೇಲಿಯಾದಲ್ಲಿ ಮಾತ್ರ ಅದೇ ಮಾತು "ಗಿಡೇ" ಆಗಿ ಸ್ನೇಹದ ಹಲೋ ಆಗಿದೆ.

ಗೆಳೆಯರ ನಡುವೆ ಗುಡ್ ಅನ್ನೇ ನುಂಗಿಬಿಡುತ್ತಾರೆ. "ಮಾರ್ನಿಂಗ್!" ಅಂದರೆ "ಮಾರ್ನಿಂಗ್!" ಅಂತಲೇ ಉತ್ತರ. ಹೊರಡುವಾಗ "ನೈಟ್!" ಅಷ್ಟೇ ಸಾಕು. ಸಂದರ್ಶನಕ್ಕೆ ಹೋದಾಗ ಮಾತ್ರ ಪೂರ್ತಿಯಾಗಿಯೇ ಹೇಳಿ. ಹಾಗಂತ "ಎ ವೆರಿ ಗುಡ್ ಮಾರ್ನಿಂಗ್ ಟು ಒನ್ ಅಂಡ್ ಆಲ್" ಬೇಡ. ಅದು ವೇದಿಕೆಯ ಮಾತು. ಮೂರು ಜನ ಕೂತ ಕೋಣೆಯಲ್ಲಿ ಭಾಷಣದ ಹಾಗೆ ಕೇಳುತ್ತದೆ.

ಫೋನಿನಲ್ಲಿ ಬೇರೆ ದೇಶದವರ ಜೊತೆ ಮಾತಾಡುವಾಗ ಅವರ ಕಡೆ ಎಷ್ಟು ಗಂಟೆ ಎಂದು ನೋಡಿಕೊಂಡು ಹೇಳಿದರೆ ಅವರಿಗೆ ಖುಷಿ. ಇಮೇಲ್‌ನಲ್ಲಿ ಆ ಲೆಕ್ಕವೂ ಕೈ ಕೊಡುತ್ತದೆ. ನೀವು ಬೆಳಿಗ್ಗೆ ಬರೆದದ್ದನ್ನು ಅವರು ಸಂಜೆ ತೆರೆಯಬಹುದು, ನಾಳೆಯೂ ತೆರೆಯಬಹುದು. ನಾನೀಗ ಇಮೇಲ್‌ನಲ್ಲಿ ಹಲೋ ಎಂದು ಬರೆದು, ಹೆಸರು ಹಾಕಿ, ನೇರ ವಿಷಯಕ್ಕೆ ಬರುತ್ತೇನೆ.