ಹೀರೋ ಒಬ್ಬರದು, ಹೆಸರು ಇನ್ನೊಬ್ಬರದು

2019ರ ಮಾರ್ಚ್‌ನಲ್ಲಿ ‘ಕ್ಯಾಪ್ಟನ್ ಮಾರ್ವೆಲ್’ ಸಿನಿಮಾ ಬಂತು, ಏಪ್ರಿಲ್‌ನಲ್ಲಿ ‘ಶಜಾಮ್’. ಮೊದಲು ಕ್ಯಾಪ್ಟನ್ ಮಾರ್ವೆಲ್ ಅನ್ನಿಸಿಕೊಂಡವನು ಈ ಎರಡನೆಯ ಸಿನಿಮಾದ ಹೀರೋ!

ಅಮೆರಿಕದ ಫಾಸೆಟ್ ಕಂಪನಿ 1940ರ ಹೊತ್ತಿಗೆ ಅವನನ್ನು ಕಾಮಿಕ್ಸ್‌ಗೆ ತಂದಿತು. ಬಿಲ್ಲಿ ಬ್ಯಾಟ್ಸನ್ ಎಂಬ ಹುಡುಗ ‘ಶಜಾಮ್’ ಎಂದು ಕೂಗಿದರೆ ಸಾಕು, ಕೆಂಪು ದಿರಿಸಿನ ಭಾರೀ ಬಲಶಾಲಿ. ಮಾರಾಟದಲ್ಲಿ ಸೂಪರ್‌ಮ್ಯಾನ್‌ನನ್ನೂ ಹಿಂದೆ ಹಾಕಿದ. ಸೂಪರ್‌ಮ್ಯಾನ್ ಪ್ರಕಾಶಕರು ಸುಮ್ನೆ ಇರುತ್ತಾರಾ? 1941ರಲ್ಲಿ ಕೇಸು ಹಾಕಿದರು. ಜಗಳ ಹೆಸರಿನದಲ್ಲ. ನಮ್ಮ ಹೀರೋನನ್ನೇ ನಕಲು ಮಾಡಿದ್ದಾರೆ ಅನ್ನೋದು ದೂರು. ಅಂದರೆ ಕಾಪಿರೈಟ್ ವ್ಯಾಜ್ಯ. 1951ರಲ್ಲಿ ಅಪೀಲು ಕೋರ್ಟ್ ತೀರ್ಪು ಫಾಸೆಟ್‌ಗೆ ವಿರುದ್ಧವಾಗಿ ಬಂತು. ಅಷ್ಟೊತ್ತಿಗೆ ಕಾಮಿಕ್ಸ್ ವ್ಯಾಪಾರವೂ ಇಳಿದಿತ್ತು. 1953ರಲ್ಲಿ ಫಾಸೆಟ್ 4 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು, ಹೀರೋನ ಪುಸ್ತಕಗಳನ್ನು ನಿಲ್ಲಿಸಿತು.

ಕಥೆ, ಚಿತ್ರಗಳ ಕಾಪಿರೈಟ್ ಪುಸ್ತಕ ನಿಂತರೂ ಉಳಿಯುತ್ತದೆ. ಬರೀ ಹೆಸರಿಗೆ ಅದು ಸಿಗುವುದಿಲ್ಲ. ನಮ್ಮ ಸುಪ್ರೀಂ ಕೋರ್ಟ್ ಕೂಡ 2015ರಲ್ಲಿ ‘ದೇಸಿ ಬಾಯ್ಸ್’ ಶೀರ್ಷಿಕೆಯ ಕೇಸಿನಲ್ಲಿ ಇದನ್ನೇ ಹೇಳಿತು. ಹೆಸರನ್ನು ಕಾಯೋದು ಟ್ರೇಡ್‌ಮಾರ್ಕ್. ಅದು ನಿಂತಿರೋದು ಬಳಕೆಯ ಮೇಲೆ. ಬಳಸುತ್ತಾ ಹೋದರೆ ಎಷ್ಟು ವರ್ಷವಾದರೂ ನಿಮ್ಮದೇ, ಬಿಟ್ಟರೆ ಹೋಯ್ತು.

ಫಾಸೆಟ್ ಬಿಟ್ಟಿತ್ತು. 1967ರಲ್ಲಿ ಮಾರ್ವೆಲ್ ಕಾಮಿಕ್ಸ್ ಆ ಹೆಸರನ್ನು ಬೇರೆ ಗ್ರಹದ ಸೈನಿಕನೊಬ್ಬನಿಗೆ ಇಟ್ಟಿತು. 1972ರಲ್ಲಿ ಹಳೇ ಹೀರೋನನ್ನು ಲೈಸೆನ್ಸ್ ಮೇಲೆ ಪಡೆದವರು ಯಾರು ಗೊತ್ತಾ? ಕೇಸು ಹಾಕಿದ್ದ ಅದೇ ಕಂಪನಿ, ಈಗಿನ ಡಿಸಿ! ಹೀರೋ ಸಿಕ್ಕ, ಆದರೆ ಪುಸ್ತಕದ ಶೀರ್ಷಿಕೆಗೆ ಅವನ ಹೆಸರಿಲ್ಲ. 1973ರಲ್ಲಿ ಪುಸ್ತಕ ‘ಶಜಾಮ್’ ಎಂದೇ ಬಂತು. ಒಳಗಿನ ಕಥೆಯಲ್ಲಿ ಅವನು ಇನ್ನೂ ಕ್ಯಾಪ್ಟನ್ ಮಾರ್ವೆಲ್. ಅಂಗಡಿಯಲ್ಲಿ ಗಿರಾಕಿ ನೋಡೋದು ಮುಖಪುಟವನ್ನು. ಟ್ರೇಡ್‌ಮಾರ್ಕ್‌ನ ಬಿಗಿ ಅಲ್ಲೇ ಜಾಸ್ತಿ.

ಮಾರ್ವೆಲ್ ಕಂಪನಿ ಆ ಹೆಸರನ್ನು ಕೈಬಿಡಲಿಲ್ಲ. 1982ರಲ್ಲಿ ತನ್ನ ಹೀರೋ ಕ್ಯಾನ್ಸರ್‌ನಿಂದ ಸತ್ತಾಗ ಅದೇ ವರ್ಷ ಹೊಸ ನಾಯಕಿ ಮೋನಿಕಾ ರ‍್ಯಾಂಬೋಗೆ ಅದನ್ನು ಕೊಟ್ಟಿತು. 2012ರಲ್ಲಿ, 2019ರ ಸಿನಿಮಾದ ನಾಯಕಿಯೂ ಆದ ಕ್ಯಾರಲ್ ಡ್ಯಾನ್ವರ್ಸ್‌ಗೆ. ಕಥೆಯ ಅಗತ್ಯಕ್ಕಿಂತ ಹೆಸರು ಕಳೆದುಹೋಗಬಾರದೆಂಬ ಎಚ್ಚರವೇ ನನಗೆ ಇಲ್ಲಿ ಜಾಸ್ತಿ ಕಾಣುತ್ತದೆ.

ಆ ಹೊತ್ತಿಗೇ ಡಿಸಿ ಕೂಡ ಸೋತು, ಕಥೆಯೊಳಗೂ ಹೀರೋಗೆ ‘ಶಜಾಮ್’ ಎಂದೇ ಹೆಸರಿಟ್ಟಿತು. ಆದರೆ ಆ ಪದ ಹೇಳಿದರೆ ಅವನು ಮತ್ತೆ ಹುಡುಗನಾಗಿಬಿಡುತ್ತಾನೆ ಅನ್ನೋದು ಮೂಲ ಕಥೆಯ ನಿಯಮ. ‘ನಿನ್ನ ಹೆಸರೇನಪ್ಪಾ?’ ಅಂತ ಕೇಳಿದರೆ ಪಾಪ, ಏನು ಹೇಳಬೇಕು?