ಹೆಸರಿನ ಬಾಲದಲ್ಲಿ ಒಬ್ಬ ಗಣಿ ಅಧಿಕಾರಿ

ಡಿಸ್ಕಿರಿಯಸ್ ಸೆಪ್ಟೆಂಟ್ರಿಯೋನಮ್ ಮುನ್‌ಸ್ಟರ್, 1923.

ಇದು ಒಂದು ಪುಟ್ಟ ದುಂಬಿಯ ವೈಜ್ಞಾನಿಕ ಹೆಸರು. ಇಂಥ ಹೆಸರು ಕಂಡರೆ ನಾವು ಮೊದಲ ಎರಡು ಪದ ಓದಿ ಮುಂದೆ ಹೋಗುತ್ತೇವೆ, ಅಲ್ವಾ? ಮೂರನೆಯದರ ಹತ್ತಿರ ಸ್ವಲ್ಪ ನಿಲ್ಲೋಣ. ಮೊದಲ ಪದ ಕುಲ, ಎರಡನೆಯದು ಪ್ರಭೇದ. ಆಮೇಲೆ ಬರುವುದು ಆ ಜೀವಿಯನ್ನು ಮೊದಲು ವಿವರಿಸಿದವರ ಹೆಸರು ಮತ್ತು ಅದು ಪ್ರಕಟವಾದ ವರ್ಷ. ಮುಂದೆ ಪ್ರಭೇದವನ್ನು ಬೇರೆ ಕುಲಕ್ಕೆ ಸೇರಿಸಿದರೆ ಹೆಸರು, ವರ್ಷ ಎರಡನ್ನೂ ಕಂಸದೊಳಗೆ ಬರೆಯುತ್ತಾರೆ. ಕಂಸ ಸುಮ್ನೆ ಬಂದಿರುವುದಿಲ್ಲ, ನೆನಪಿಡಿ.

ಈ ಮುನ್‌ಸ್ಟರ್ ಯಾರು? ನಾರ್ವೆಯ ಥಾಮಸ್ ಗೆಯೋರ್ಗ್ ಮುನ್‌ಸ್ಟರ್ (1855–1938). ಅವರ ಹುದ್ದೆ ಬೆರ್ಗ್‌ಮೆಸ್ಟರ್, ಅಂದರೆ ಗಣಿಗಳ ಮೇಲ್ವಿಚಾರಣೆ ಮಾಡುವ ಸರ್ಕಾರಿ ಅಧಿಕಾರಿ. ಬಂಡೆಗಳನ್ನೂ ಚೆನ್ನಾಗಿ ಬಲ್ಲವರು. ಲಿಲ್ಲೆಹಾಮರ್ ಭಾಗದ ಭೂವೈಜ್ಞಾನಿಕ ನಕ್ಷೆಗೆ ಅವರು ಬರೆದ ವಿವರಣೆ 1900ರಲ್ಲಿ ಪ್ರಕಟವಾಯಿತು. ಇದರ ಜೊತೆಗೇ ನಾರ್ವೆಯ ದುಂಬಿಗಳ ಅಧ್ಯಯನ. ಮೇಲಿನ ಪ್ರಭೇದಕ್ಕೆ ಹೆಸರಿಟ್ಟಾಗ ಅವರಿಗೆ ಸುಮಾರು 68 ವರ್ಷ. ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಸೆಪ್ಟೆಂಟ್ರಿಯೋನಮ್ ಅಂದರೆ 'ಉತ್ತರದ'. ಲ್ಯಾಟಿನ್ನಿನ 'ಸೆಪ್ಟೆಮ್' ನಮ್ಮ 'ಸಪ್ತ'ದ ಬಂಧು. ಉತ್ತರ ದಿಕ್ಕಿನ ಏಳು ನಕ್ಷತ್ರಗಳಿಂದ, ಅಂದರೆ ನಮ್ಮ ಸಪ್ತರ್ಷಿ ಮಂಡಲದಿಂದಲೇ ಆ ಪದ ಹುಟ್ಟಿತು. ಹೀಗೆ ನೋಡಿದರೆ ಹೆಸರು ಮರೆಯುವುದೇ ಇಲ್ಲ.

ಇನ್ನು ದುಂಬಿಯ ವಿಷಯ. ಡಿಸ್ಕಿರಿಯಸ್ ಕುಲದವು ಕೆಲವೇ ಮಿಲಿಮೀಟರ್ ಉದ್ದ, ಕಪ್ಪಗೆ ಕಂಚಿನ ಹೊಳಪು. ನದಿ, ಕೆರೆ, ಕಡಲ ದಂಡೆಯ ಒದ್ದೆ ಮರಳಿನಲ್ಲಿ ಬಿಲ ತೋಡುತ್ತವೆ. ಲೆನ್ಸ್ ಹಿಡಿದು ಮುಂಗಾಲು ನೋಡಿ: ಅಗಲವಾಗಿದೆ, ತುದಿಯಲ್ಲಿ ಮರಳು ಕೆದಕಲು ಮುಳ್ಳುಗಳಿವೆ. ಎದೆಭಾಗಕ್ಕೂ ಹಿಂಭಾಗಕ್ಕೂ ನಡುವೆ ಸಣ್ಣ ಸೊಂಟ. ಇಕ್ಕಟ್ಟಿನ ಸುರಂಗದಲ್ಲಿ ಮೈ ತಿರುಗಿಸಲು ಅದೇ ಅನುಕೂಲ. ಗಣಿಗಳನ್ನು ನೋಡಿಕೊಂಡವರು ಹೆಸರಿಟ್ಟದ್ದೂ ಒಂದು ಸುರಂಗ ತೋಡುವ ಜೀವಿಗೆ!

ಇವುಗಳಲ್ಲಿ ಅನೇಕವು ಬ್ಲೆಡಿಯಸ್ ಎಂಬ ಇನ್ನೊಂದು ಕುಲದ ದುಂಬಿಗಳನ್ನು ಬೇಟೆಯಾಡುತ್ತವೆ. ಬ್ಲೆಡಿಯಸ್ ಪಾಚಿ ತಿಂದು, ಬಿಲದ ಬಾಯಲ್ಲಿ ಪುಟ್ಟ ಮರಳುಗುಪ್ಪೆ ಬಿಡುತ್ತದೆ. ಹುಡುಕುವವರು ಮೊದಲು ಆ ಗುಪ್ಪೆಗಳನ್ನು ಗುರುತಿಸುತ್ತಾರೆ. ನಂತರ ಅಲ್ಲಿ ನೀರು ಎರಚಿ ಕಾಯುತ್ತಾರೆ. ಸ್ವಲ್ಪ ಹೊತ್ತಿಗೆ ಬಿಲ ತುಂಬಿ, ಬೇಟೆಗಾರನೂ ಬೇಟೆಯೂ ಮೇಲೆ ಓಡಿ ಬರುತ್ತವೆ.