ಊರಿನದೂ ಹೌದು, ಹರೆಯದ್ದೂ ಹೌದು ಎನ್ನುವ ರೇಡಿಯೋ ಐರ್ಲೆಂಡಿನಲ್ಲಿ ಏಕಿಲ್ಲ?

ಐರ್ಲೆಂಡಿನ ಪಶ್ಚಿಮದಲ್ಲಿ ಮೇಯೋ ಎಂಬ ಕೌಂಟಿ ಇದೆ, ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಅಲ್ಲಿ ಮಿಡ್‌ವೆಸ್ಟ್ ರೇಡಿಯೋ ಹಾಕಿದರೆ ಸುತ್ತಲಿನ ಊರುಗಳ ಸುದ್ದಿ ಬರುತ್ತದೆ. ಯಾರು ತೀರಿಕೊಂಡರು, ಅಂತ್ಯಕ್ರಿಯೆ ಎಲ್ಲಿ ಎಂದು ಓದುತ್ತಾರೆ. ಕಂಟ್ರಿ ಹಾಡುಗಳೂ ಬರುತ್ತವೆ. ಹಿರಿಯರಿಗೆ ಅದು ಮನೆಯ ಸದಸ್ಯನಷ್ಟೇ ಹತ್ತಿರ. ಅದೇ ಮನೆಯ ಹದಿನೇಳರ ಹುಡುಗಿಗೆ ಬೇಕಾದ ಹಾಡು ಯುವಜನರ ಸ್ಟೇಷನ್ ಐರೇಡಿಯೋದಲ್ಲಿ ಸಿಗುತ್ತದೆ. ಆದರೆ ಆ ಸ್ಟೇಷನ್ ಹತ್ತಕ್ಕೂ ಹೆಚ್ಚು ಕೌಂಟಿಗಳ ಜೊತೆ ಒಟ್ಟಿಗೇ ಮಾತಾಡಬೇಕು. ಅವಳ ಕ್ಲಬ್ಬಿನ ಮ್ಯಾಚು, ಅವಳೂರಿಗೆ ಬಾರದ ಬಸ್ಸು ಅಲ್ಲಿ ಸುದ್ದಿಯಾಗುವುದು ಅಪರೂಪ.

ಊರು ಬೇಕೆಂದರೆ ಹಿರಿಯರ ರೇಡಿಯೋ ಕೇಳಬೇಕು. ತನ್ನ ವಯಸ್ಸಿನವರ ದನಿ ಬೇಕೆಂದರೆ ಊರನ್ನು ಬಿಡಬೇಕು. ಇದು ತಾನಾಗಿ ಆದದ್ದಲ್ಲ. ಲೈಸೆನ್ಸ್ ಹಂಚಿದ ರೀತಿಯೇ ಇದಕ್ಕೆ ಮುಖ್ಯ ಕಾರಣ ಅನ್ನುವುದು ನನ್ನ ಅಭಿಪ್ರಾಯ.

1926ರ ಜನವರಿ 1ರಂದು ಡಬ್ಲಿನ್‌ನಲ್ಲಿ 2ಆರ್‌ಎನ್ ಎಂಬ ಸರ್ಕಾರಿ ಸ್ಟೇಷನ್ ಶುರುವಾಯಿತು. ಅಲ್ಲಿಂದ ದಶಕಗಳ ಕಾಲ ದೇಶಕ್ಕೆಲ್ಲ ರಾಜಧಾನಿಯದೇ ದನಿ. ಅದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಹಳ್ಳಿಗರೂ ಇದ್ದರು ಅನ್ನುವುದನ್ನು ನೆನಪಿಡಬೇಕು. 1970ರ ಈಸ್ಟರ್ ಹೊತ್ತಿಗೆ ಪಶ್ಚಿಮದ ಕೊನ್ನೆಮಾರಾ ಪ್ರದೇಶದ, ಐರಿಷ್ ಭಾಷೆ ಮಾತಾಡುವ ಹೋರಾಟಗಾರರು ರೋಸ್ ಮಕ್ ಎಂಬ ಊರಿನಿಂದ ಪರವಾನಗಿ ಇಲ್ಲದೆಯೇ ರೇಡಿಯೋ ನಡೆಸಿದರು. ಎರಡೇ ವರ್ಷದಲ್ಲಿ, 1972ರ ಏಪ್ರಿಲ್ 2ರಂದು, ಸರ್ಕಾರದ್ದೇ ಐರಿಷ್ ಭಾಷೆಯ ಸ್ಟೇಷನ್ ರೇಡಿಯೋ ನಾ ಗೇಲ್ಟಾಕ್ಟಾ ಶುರುವಾಯಿತು. ಎಷ್ಟು ದೊಡ್ಡ ಗೆಲುವು ಅಲ್ವಾ? ಆದರೆ ಅಲ್ಲಿ ಇಂಗ್ಲಿಷ್ ಹಾಡು ಹಾಕುವಂತಿರಲಿಲ್ಲ. 2005ರಲ್ಲಿ ಆ ನಿಯಮ ಸಡಿಲಿಸಿ ರಾತ್ರಿ ಹೊತ್ತು ಯುವಜನರ ಕಾರ್ಯಕ್ರಮ ತಂದರು. ಅಷ್ಟರಲ್ಲಿ ಮೂವತ್ತಮೂರು ವರ್ಷ ಕಳೆದಿತ್ತು. ಒಂದು ತಲೆಮಾರು ಬೇರೆ ಕಡೆಗೆ ಕಿವಿ ತಿರುಗಿಸಿಯಾಗಿತ್ತು.

1979ರಲ್ಲಿ ಸರ್ಕಾರಿ ಸಂಸ್ಥೆ ಆರ್‌ಟಿಇ ಯುವಕರಿಗೆಂದು ರೇಡಿಯೋ 2 ತಂದಿತು. ಅದೂ ಇಡೀ ದೇಶಕ್ಕೆ ಒಂದೇ. ಪಟ್ಟಣಗಳಲ್ಲಿ ಆ ಜಾಗ ತುಂಬಿದ್ದು ಕದ್ದು ನಡೆಸುತ್ತಿದ್ದ ಪೈರೇಟ್ ಸ್ಟೇಷನ್‌ಗಳು. ವಾಟರ್‌ಫರ್ಡ್‌ನ ಡಬ್ಲ್ಯುಎಲ್‌ಆರ್ 1978ರಲ್ಲೇ ಹೀಗೆ ಹುಟ್ಟಿತ್ತು. ಇವುಗಳನ್ನು ಹಿಡಿಯಲು ಇದ್ದದ್ದು 1926ರ ಹಳೇ ಕಾನೂನು, ಅದರ ದಂಡಕ್ಕೆ ಯಾರೂ ಹೆದರುತ್ತಿರಲಿಲ್ಲ. ಕಾನೂನು ಮುರಿದದ್ದು ನಿಜ. ಆದರೂ ಊರಿನ ಹುಡುಗರು ಊರಿನ ಹುಡುಗರಿಗಾಗಿ ಮಾತಾಡಿದ ಕಾಲ ಅದು. ಆಮೇಲೆ ಅಂಥ ಕಾಲ ಮತ್ತೆ ಬಂದಿಲ್ಲ.

1988ರಲ್ಲಿ ಹೊಸ ಕಾನೂನು ಬಂತು. ಆ ವರ್ಷದ ಕೊನೆಗೆ ಹೆಚ್ಚಿನ ಪೈರೇಟ್‌ಗಳು ಬಾಗಿಲು ಹಾಕಿದವು. ಮರುವರ್ಷದಿಂದ ಖಾಸಗಿ ಲೈಸೆನ್ಸ್‌ಗಳು ಸಿಕ್ಕವು. ನಗರಗಳನ್ನು ಬಿಟ್ಟರೆ ಹೆಚ್ಚುಕಡಿಮೆ ಒಂದು ಕೌಂಟಿಗೆ ಒಂದು ಸ್ಟೇಷನ್. ಪ್ರಸಾರದ ಕನಿಷ್ಠ ಶೇ. 20 ಭಾಗ ಸುದ್ದಿ ಮತ್ತು ಪ್ರಚಲಿತ ವಿಷಯಗಳಿಗೆ ಮೀಸಲಿಡಬೇಕು ಎಂದೂ ಕಾನೂನು ಹೇಳಿತು. ಇದು ಒಳ್ಳೆಯ ನಿಯಮ. ಊರಿನ ಸುದ್ದಿ ಇಂದಿಗೂ ರೇಡಿಯೋದಲ್ಲಿ ಉಳಿದಿದ್ದರೆ ಅದಕ್ಕೆ ಈ ನಿಯಮದ ಪಾಲೂ ಇದೆ. ತೊಂದರೆ ಇದ್ದದ್ದು 'ಒಂದೇ ಸ್ಟೇಷನ್' ಎಂಬುದರಲ್ಲಿ. ಎಲ್ಲ ವಯಸ್ಸಿನವರಿಗೂ ಒಂದೇ ಎಂದಾಗ, ಜಾಹೀರಾತು ಕೊಡುವವರು ಯಾರನ್ನು ತಲುಪಬೇಕೋ ಅವರ ಕಡೆಗೇ ಕಾರ್ಯಕ್ರಮ ವಾಲುತ್ತದೆ. ಕಾರು, ಸೋಫಾ, ಟ್ರ್ಯಾಕ್ಟರ್ ಕೊಳ್ಳುವವರು ಹದಿನೇಳರ ಹುಡುಗಿಯರಲ್ಲ.

ಯುವಜನರದೇ ಸ್ಟೇಷನ್‌ಗಳು ಬಂದದ್ದು ಇದಾಗಿ ಹತ್ತು ವರ್ಷದ ಮೇಲೆ. 2002ರಲ್ಲಿ ಡಬ್ಲಿನ್‌ಗೆ ಸ್ಪಿನ್, ಕಾರ್ಕ್‌ಗೆ ರೆಡ್ ಎಫ್‌ಎಂ. ಹಳ್ಳಿಗಾಡಿಗೆ ಮಾತ್ರ ಬೇರೆ ಲೆಕ್ಕ. ಒಂದು ಕೌಂಟಿಯ ಹುಡುಗರನ್ನಷ್ಟೇ ನಂಬಿದರೆ ಜಾಹೀರಾತು ಸಾಲದು ಎಂದು ಕೌಂಟಿಗಳನ್ನು ಒಟ್ಟು ಮಾಡಿ ಪ್ರಾದೇಶಿಕ ಲೈಸೆನ್ಸ್ ಕೊಟ್ಟರು. 2003ರಲ್ಲಿ ವಾಟರ್‌ಫರ್ಡ್‌ನಿಂದ ಬೀಟ್ ಶುರುವಾಯಿತು. ಕಾರ್ಲೊ, ಕಿಲ್ಕೆನ್ನಿ, ವಾಟರ್‌ಫರ್ಡ್, ವೆಕ್ಸ್‌ಫರ್ಡ್, ಜೊತೆಗೆ ಟಿಪರೆರಿಯ ದಕ್ಷಿಣ ಭಾಗ ಅದರ ವ್ಯಾಪ್ತಿ. 2007ರಲ್ಲಿ ಸ್ಪಿನ್ ಸೌತ್ ವೆಸ್ಟ್, 2008ರಲ್ಲಿ ಐರೇಡಿಯೋ ಬಂದವು. ಹುಡುಗರು ಇವನ್ನು ಇಷ್ಟಪಟ್ಟು ಕೇಳಿದರು. ಕೆಲಸ ಮಾಡುವವರೂ ಶ್ರದ್ಧೆಯವರೇ. ಆದರೆ ಒಂದು ಚಿಕ್ಕ ನ್ಯೂಸ್‌ರೂಮ್ ಇಷ್ಟೊಂದು ಊರುಗಳಿಗೆ ಹೋಗಿಬರಲು ಆಗುತ್ತದೆಯೇ?

ಐರೇಡಿಯೋ ಬಂದ ವರ್ಷವೇ ಆರ್ಥಿಕ ಕುಸಿತವೂ ಬಂತು. ಜಾಹೀರಾತು ಕಡಿಮೆಯಾಯಿತು. ಕೇಳುವ ಹುಡುಗರಲ್ಲೇ ಎಷ್ಟೋ ಮಂದಿ ಕೆಲಸ ಹುಡುಕಿ ಆಸ್ಟ್ರೇಲಿಯಾ, ಕೆನಡಾ ಸೇರಿದರು. 2021ರಲ್ಲಿ ಜರ್ಮನಿಯ ಬಾವರ್ ಕಂಪನಿ ಸ್ಪಿನ್ ಸೌತ್ ವೆಸ್ಟ್ ಇದ್ದ ಗುಂಪನ್ನೇ ಕೊಂಡಿತು. ಆಮೇಲೆ ರೆಡ್, ಐರೇಡಿಯೋ, ಬೀಟ್ ಕೂಡ ಅದರ ಕೈಸೇರಿದವು. ಅದೇ 2021ರಲ್ಲಿ ಆರ್‌ಟಿಇ ತನ್ನ ಡಿಜಿಟಲ್ ರೇಡಿಯೋ ಪ್ರಸಾರ ನಿಲ್ಲಿಸಿತು. 2ಎಕ್ಸ್‌ಎಂ, ಪಲ್ಸ್‌ನಂಥ ಯುವ ಚಾನೆಲ್‌ಗಳು ರೇಡಿಯೋ ಸೆಟ್ಟಿನಿಂದ ಮರೆಯಾದವು. ಆ ಪ್ರಸಾರ ಪಶ್ಚಿಮದ ಹಳ್ಳಿಗಳನ್ನು ಮುಟ್ಟಿಯೂ ಇರಲಿಲ್ಲ.

ಫೋನಿನಲ್ಲಿ ಎಲ್ಲ ಹಾಡೂ ಇದೆಯಲ್ಲ ಅನ್ನುತ್ತಾರೆ. ಹಾಡು ಇದೆ. ಊರಿನಲ್ಲಿ ಬಾಡಿಗೆ ಮನೆ ಏಕೆ ಸಿಗುತ್ತಿಲ್ಲ, ರಾತ್ರಿ ಬಸ್ಸು ಏಕಿಲ್ಲ ಎಂದು ಕೌನ್ಸಿಲರ್ ಒಬ್ಬರನ್ನು ನೇರವಾಗಿ ಕೇಳುವ ಇಪ್ಪತ್ತರ ದನಿ ಫೋನಿನಲ್ಲಿ ತಾನಾಗಿ ಹುಟ್ಟುವುದಿಲ್ಲ.

ಸರಿಪಡಿಸಲು ಹೊಸ ಕಾನೂನೇ ಬೇಕೆಂದಿಲ್ಲ. ಲೆಟರ್‌ಫ್ರ್ಯಾಕ್‌ನ ಕೊನ್ನೆಮಾರಾ ಸಮುದಾಯ ರೇಡಿಯೋ 1995ರಿಂದ ಬಹುಮಟ್ಟಿಗೆ ಸ್ವಯಂಸೇವಕರ ಬಲದಲ್ಲಿ ನಡೆದು ಬಂದಿದೆ. ಐರ್ಲೆಂಡಿನ ಶಾಲೆಗಳಲ್ಲಿ ಟ್ರಾನ್ಸಿಷನ್ ಇಯರ್ ಎಂಬ ವರ್ಷವೊಂದಿದೆ, ಹದಿನೈದು ಹದಿನಾರರ ಮಕ್ಕಳು ಆಗ ಕೆಲಸದ ಅನುಭವಕ್ಕೆ ಹೊರಗೆ ಹೋಗುತ್ತಾರೆ. ಕೌಂಟಿ ಸ್ಟೇಷನ್‌ಗೂ ಬರುತ್ತಾರೆ. ಅವರನ್ನು ಸುಮ್ನೆ ಸ್ಟುಡಿಯೋ ತೋರಿಸಿ ಕಳಿಸುವ ಬದಲು ವಾರಕ್ಕೆ ಒಂದು ಸಂಜೆ ಮೈಕು ಕೊಡಬಹುದು. ನಿಯಂತ್ರಕ ಸಂಸ್ಥೆ ಕಿಮಿಶೂನ್ ನಾ ಮ್ಯಾನ್ ಮುಂದಿನ ಬಾರಿ ಲೈಸೆನ್ಸ್ ಕೊಡುವಾಗ, ಯುವಕರ ಮಾತಿಗೆ ವಾರದಲ್ಲಿ ಎಷ್ಟು ಗಂಟೆ ಕೊಡುತ್ತೀರಿ ಎಂದು ಪ್ರತಿ ಕೌಂಟಿ ಸ್ಟೇಷನ್‌ನಿಂದಲೂ ಬರೆಸಿಕೊಳ್ಳಲಿ.